ಕಣ್ಣಿಗೆ ಮಾಂಸ ಬೆಳೆದರೆ ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಟೊಮೆಟೊ ಬೆಳೆಯುತ್ತೇವೆ. ಅವರ ಬಲಗಣ್ಣಲ್ಲಿ ಮೂಗಿನ ಕಡೆಯಿಂದ ಬಿಳಿ ಮಾಂಸ ಬೆಳೆದು ಕರಿಗುಡ್ಡೆಯ ಅಂಚು ಹತ್ತಿದೆ. ಸಂಜೆಯಾದರೆ ಕಣ್ಣು ಕೆಂಪು, ಮರಳು ಬಿದ್ದ ಹಾಗೆ ಚುಚ್ಚುತ್ತೆ. ಎರಡು ವರ್ಷದಿಂದ ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಾರೆ. ಹಾಕಿದ ಕೂಡಲೇ ಕೆಂಪು ಇಳಿಯುತ್ತೆ. ಇದು ಪೊರೆಯಾ, ಕ್ಯಾನ್ಸರಾ? ಆಪರೇಷನ್ ಮಾಡಿಸಿದರೂ ಮತ್ತೆ ಬೆಳೆಯುತ್ತೆ ಅಂತಾರೆ, ನಿಜವಾ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಆ ಡ್ರಾಪ್ಸ್ ವಿಷಯ. ನನಗೆ ಮಾಂಸಕ್ಕಿಂತ ಅದರದ್ದೇ ಜಾಸ್ತಿ ಚಿಂತೆ. ಹಾಕಿದ ಕೂಡಲೇ ಕೆಂಪು ಇಳಿಸುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಡಾಕ್ಟರು ನೋಡಿಕೊಂಡು ಕೆಲವು ದಿನ ಕೊಟ್ಟರೆ ಅದು ಒಳ್ಳೆಯ ಔಷಧ. ತಿಂಗಳುಗಟ್ಟಲೆ ಸುಮ್ನೆ ಹಾಕುತ್ತಾ ಹೋದರೆ ಕೆಲವರಿಗೆ ಕಣ್ಣೊಳಗಿನ ಒತ್ತಡ ಏರಿ, ನೋವೇ ಇಲ್ಲದೆ ನರ ಹಾಳಾಗುತ್ತದೆ. ಹಾಗೆ ಹೋದ ನೋಟ ವಾಪಸ್ ಬರುವುದಿಲ್ಲ.

ಇನ್ನು ಮಾಂಸ. ನೀವು ಬರೆದದ್ದು ನೋಡಿದರೆ ಇದು ನಾವು ಟೆರಿಜಿಯಂ ಅನ್ನುವ ಬೆಳವಣಿಗೆ ಇರಬೇಕು. ಪೊರೆ ಬರುವುದು ಕಣ್ಣೊಳಗಿನ ಲೆನ್ಸಿಗೆ. ಇದು ಬೆಳೆಯುವುದು ಕಣ್ಣಿನ ಮೇಲೆ. ಕ್ಯಾನ್ಸರ್ ಅಲ್ಲ. ಆದರೂ ಬೇಗ ಬೇಗ ದೊಡ್ಡದಾದರೆ ಅಥವಾ ಲೋಳೆಯ ಗಂಟಿನಂತೆ ಕಂಡರೆ ತಡಮಾಡದೆ ತೋರಿಸಿ. ಅಂಥದ್ದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ.

ಬಿಸಿಲು, ಗಾಳಿ, ದೂಳು ಇದಕ್ಕೆ ಕಾರಣ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಪಾಲೇ ದೊಡ್ಡದು. ಟೊಮೆಟೊ ಸಾಲಿಗೆ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟ್ ಹಾಸಿದ್ದೀರಾ? ಹಾಗಿದ್ದರೆ ಬೆಳಕು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ತಲೆಗೆ ಟವೆಲ್ ಸುತ್ತಿದರೆ ಅದು ತಪ್ಪುವುದಿಲ್ಲ. ನೇರಳಾತೀತ ಕಿರಣ ತಡೆಯುವ, ಪಕ್ಕದಿಂದಲೂ ಮುಚ್ಚುವ ಕನ್ನಡಕ ಬೇಕು. ಬರೀ ಕಪ್ಪು ಗಾಜು ಸಾಲದು.

ಅಂಚಿನಲ್ಲೇ ನಿಂತಿರುವ ಮಾಂಸಕ್ಕೆ ಕತ್ತರಿ ಬೇಡ. ಕನ್ನಡಕ, ಜೊತೆಗೆ ಕಣ್ಣು ತೇವವಾಗಿಡುವ ಡ್ರಾಪ್ಸ್ ಸಾಕು. ಡ್ರಾಪ್ಸ್‌ನಿಂದ ಉರಿ ಕಮ್ಮಿಯಾಗುತ್ತದೆ, ಮಾಂಸ ಕರಗುವುದಿಲ್ಲ. ನಂದಿಬಟ್ಟಲ ರಸ, ಎದೆಹಾಲು, ಜೇನುತುಪ್ಪದಿಂದಲೂ ಕರಗುವುದಿಲ್ಲ. ದಯವಿಟ್ಟು ಹಾಕಬೇಡಿ, ಸೋಂಕಾಗುತ್ತದೆ. ಮಾಂಸ ಕಣ್ಣಿನ ಪಾಪೆಯ ಕಡೆ ಸರಿಯುತ್ತಿದ್ದರೆ, ಕರಿಗುಡ್ಡೆಯನ್ನು ಎಳೆದು ನೋಟ ಮಸುಕು ಮಾಡಿದರೆ, ಆಗ ತೆಗೆಸಬೇಕು.

ಮತ್ತೆ ಬೆಳೆಯುತ್ತೆ ಅನ್ನುವುದು ಸುಳ್ಳಲ್ಲ. ಮಾಂಸ ಕತ್ತರಿಸಿ ಆ ಜಾಗವನ್ನು ಹಾಗೇ ಬಿಟ್ಟರೆ ಬಹಳ ಮಂದಿಗೆ ಮತ್ತೆ ಬರುತ್ತದೆ. ಅದಕ್ಕೇ ಈಗ ಅದೇ ಕಣ್ಣಿನ ಮೇಲಿನ ರೆಪ್ಪೆಯಡಿಯಿಂದ ತೆಳು ಪದರ ತೆಗೆದು ಅಲ್ಲಿ ತೇಪೆ ಹಾಕುತ್ತಾರೆ. ಹೊಲಿಗೆಯಿಂದಲೋ ಅಂಟಿನಿಂದಲೋ ಅದನ್ನು ಕೂರಿಸುತ್ತಾರೆ. ಹೀಗೆ ಮಾಡಿದರೆ ಮರಳಿ ಬರುವುದು ತುಂಬಾ ಕಮ್ಮಿ. ಆಪರೇಷನ್ ಹೇಳಿದರೆ, ‘ತೇಪೆ ಹಾಕುತ್ತೀರಾ ಸಾರ್?’ ಅಂತ ಧೈರ್ಯವಾಗಿ ಕೇಳಿ. ಕಣ್ಣಿಗೆ ಮಾತ್ರ ಮರಗಟ್ಟಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕೆಲವು ವಾರ ಕೆಂಪು ಇರುತ್ತದೆ, ಹೆದರಬೇಡಿ. ಆ ದಿನಗಳಲ್ಲಿ ತೋಟದ ದೂಳಿಗೆ ಇಳಿಯುವುದು ಬೇಡ.

ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆ ಡ್ರಾಪ್ಸ್ ಬಾಟಲಿಯನ್ನೂ ಜೊತೆಗೆ ಇಟ್ಟುಕೊಳ್ಳಿ, ಎರಡೂ ಕಣ್ಣಿನ ಒತ್ತಡ ನೋಡಲು ಹೇಳಿ.