ಕೂವೆ ಹಿಟ್ಟು ಡಬ್ಬಿಯಲ್ಲಿ ಹುಳಿ ಬಂದವರಿಗೆ: ಹೆಂಟೆಯನ್ನು ಹಸಿ ಇದ್ದಾಗಲೇ ಒಡೆಯಿರಿ

ಹುಬ್ಬಳ್ಳಿ ವಿದ್ಯಾನಗರದಿಂದ ಫೋಟೋ ಹಾಕಿದವರಿಗೆ ಈ ಉತ್ತರ. ಹಿತ್ತಲಲ್ಲಿ ಬೆಳೆದ ಕೂವೆ (ಅರಾರೂಟು) ಗಡ್ಡೆ ಅರೆದು, ತೊಳೆದು, ತಳದಲ್ಲಿ ಕೂತ ಹಿಟ್ಟನ್ನು ಚೌಕ ಚೌಕ ಕತ್ತರಿಸಿ, ಮಾಳಿಗೆ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ದಿನ ಒಣಗಿಸಿ ಡಬ್ಬಿಗೆ ತುಂಬಿದ್ದೀರಿ. ವಾರದೊಳಗೆ ಹುಳಿ ವಾಸನೆ. ಮುರಿದು ನೋಡಿದರೆ ಒಳಗೆ ಹಳದಿ ಕಲೆ. ಕೆಳಗೆ ಒಬ್ಬರು ಗಡ್ಡೆನೇ ಸರಿ ಇಲ್ಲ ಅಂತಾರೆ, ಇನ್ನೊಬ್ಬರು ಬಿಸಿನೀರಲ್ಲಿ ತೊಳೀರಿ ಅಂತಾರೆ, ಮತ್ತೊಬ್ಬರು ಅಯೋಡಿನ್ ಹಾಕಿ ಪರೀಕ್ಷೆ ಮಾಡಿ ಅಂತಾರೆ. ಮೂರೂ ಬೇಡ. ಗಡ್ಡೆ ಸರಿ ಇದೆ. ತೊಳೆದದ್ದೂ ಸಾಕು, ಹೊರಗಿನ ಬಣ್ಣವೇ ಹೇಳುತ್ತಿದೆ. ಕೆಟ್ಟಿರುವುದು ಒಣಗಿಸುವಾಗ. ಇದೇ ಪೆಟ್ಟು ನಾನೂ ತಿಂದಿದ್ದರಿಂದ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೇಗಿಲು ಹೊಡೆದ ಎರೆ ಹೊಲದ ಹೆಂಟೆ ನೋಡಿದ್ದೀರಲ್ವಾ? ಮೇಲೆ ಒಣಗಿ ಕಲ್ಲಾಗಿರುತ್ತದೆ, ಒಡೆದರೆ ಒಳಗೆ ಹಸಿ. ಕೂವೆ ಗಟ್ಟಿಯೂ ಹಾಗೇ. ನಮ್ಮ ಫೆಬ್ರವರಿ ಬಿಸಿಲಿಗೆ ಮೇಲಿನ ಪದರ ಅರ್ಧ ದಿನದಲ್ಲಿ ಬಿಗಿಯಾಗಿಬಿಡುತ್ತದೆ. ಆಮೇಲೆ ಒಳಗಿನ ನೀರಿಗೆ ಹೊರಬರಲು ದಾರಿ ಇಲ್ಲ. ಮುಟ್ಟಿದರೆ ಒಣಗಿದೆ, ಬಡಿದರೆ ಟಣ್ ಅನ್ನುತ್ತದೆ. ಒಳಗೆ ಮಾತ್ರ ಹುಳಿ ಶುರುವಾಗಿರುತ್ತದೆ. ಬಿಸಿಲು ಜೋರಿದ್ದಷ್ಟೂ ಈ ಮೋಸ ಜಾಸ್ತಿ.

ನಾನು ಮಾಡುವುದು ಹೀಗೆ. ಕೊನೆಯ ನೀರು ಬಸಿದ ಮೇಲೆ ಪಾತ್ರೆ ಓರೆ ಮಾಡಿ ಅರ್ಧ ಗಂಟೆ ಬಿಡಿ. ಮೇಲೆ ನಿಂತ ನೀರನ್ನು ಒಣ ಬಟ್ಟೆಯ ತುದಿಯಿಂದ ಒತ್ತಿ ಹೀರಿಸಿ. ಗಟ್ಟಿಯನ್ನು ಚಮಚದಿಂದ ಕೆರೆದು ದಪ್ಪ ಬಟ್ಟೆಗೆ ಹಾಕಿ, ಗಂಟು ಕಟ್ಟಿ, ಮೇಲೊಂದು ಭಾರ ಇಟ್ಟು ಒಂದೆರಡು ತಾಸು ಬಿಡಿ. ಆಗ ಬಿಚ್ಚಿದರೆ ಹೆಬ್ಬೆರಳಿಗೆ ಅಂಟುವುದಿಲ್ಲ, ಆದರೆ ಒತ್ತಿದರೆ ಬೆರಳ ಗೆರೆ ಅದರ ಮೇಲೆ ಮೂಡುತ್ತದೆ. ಆ ಹದ ಬಂದ ಕೂಡಲೇ ರವೆ ಜರಡಿಯ ಮೇಲಿಟ್ಟು ಅಂಗೈಯಿಂದ ಉಜ್ಜಿ ಕೆಳಗೆ ಬೀಳಿಸಿ. ಸಣ್ಣ ಹರಳು ಹರಳಾಗಿ ಬೀಳುತ್ತದೆ. ಜರಡಿ ಕಣ್ಣು ಮುಚ್ಚಿಕೊಂಡರೆ ಇನ್ನೂ ಹಸಿ ಇದೆ ಅಂತ ಅರ್ಥ, ಮತ್ತೆ ಭಾರ ಹೇರಿ. ಹಿಟ್ಟು ಹಾರಿದರೆ ತಡ ಮಾಡಿದ್ದೀರಿ. ಹರಳನ್ನು ಬಟ್ಟೆ ಮೇಲೆ ತೆಳ್ಳಗೆ ಹರಡಿ, ತಾಸಿಗೊಮ್ಮೆ ಕೈಯಾಡಿಸಿ. ಸಂಜೆ ಇನ್ನೊಮ್ಮೆ ಅದೇ ಜರಡಿಗೆ ಹಾಕಿ. ಎಲ್ಲ ಕೆಲಸ ಈ ಎರಡು ಜರಡಿಯಲ್ಲೇ ಇದೆ. ಇಷ್ಟು ಮಾಡಿದರೆ, ಗಟ್ಟಿಯಾಗೇ ಇಟ್ಟರೆ ವಾರ ಹಿಡಿಯುವುದು ಎರಡು ಒಳ್ಳೆಯ ಬಿಸಿಲಿಗೆ ಮುಗಿಯುತ್ತದೆ. ಮೋಡ ಇದ್ದರೆ ಮೂರು.

ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ಕೆಳಗೆ ಬೆವರು ನಿಲ್ಲುತ್ತದೆ. ಪೇಪರ್ ಹಾಸಿದರೆ ಅಚ್ಚಿನ ಮಸಿ ಅಂಟುತ್ತದೆ. ಹೊರಸಿನ ಮೇಲೆ ಬಟ್ಟೆ ಹಾಸಿದರೆ ಗಾಳಿ ಕೆಳಗಿನಿಂದಲೂ ಆಡುತ್ತದೆ. ಬಟ್ಟೆ ದಪ್ಪ ಖಾದಿಯೇ ಇರಲಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಿಮ್ಮ ಊರಲ್ಲೇ ಇದೆ, ಖಾದಿಗೇನು ಬರ? ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಎರಡು ಸಲ ಕುದಿಸಿ ಒಗೆದು ಬಳಸಿ. ಪಾಲಿಸ್ಟರ್ ಸೇರಿದ್ದು ನೀರು ಹೀರುವುದಿಲ್ಲ, ಸುಮ್ನೆ ದುಡ್ಡು ದಂಡ. ಮೇಲೊಂದು ತೆಳು ಮಲ್ ಬಟ್ಟೆ ಹೊದಿಸಲೇಬೇಕು. ಹುಬ್ಬಳ್ಳಿ ಧೂಳಿನ ಬಗ್ಗೆ ನಾನು ಹೇಳಬೇಕಿಲ್ಲ. ಬಿಳಿ ಹಿಟ್ಟಿನ ಮೇಲೆ ಒಂದು ಮಧ್ಯಾಹ್ನದ ಧೂಳು ಸಾಕು, ನೀವು ಪಟ್ಟ ಕಷ್ಟವೆಲ್ಲ ಬೂದು ಬಣ್ಣ. ಗದಗಿನವರಿಗೆ ಬೇರೆ ತೊಂದರೆ: ಆ ಕಪ್ಪತಗುಡ್ಡದ ಕಡೆಯ ಗಾಳಿಗೆ ಹಿಟ್ಟೇ ಹಾರಿ ಹೋಗುತ್ತದೆ. ಅಲ್ಲಿ ಮಾಳಿಗೆ ಬಿಟ್ಟು ಪಡಸಾಲೆಯಲ್ಲಿ, ಕಿಟಕಿ ಎದುರು ಒಣಗಿಸಿ. ಆ ಒಣ ಗಾಳಿ ಬಿಸಿಲಿನಷ್ಟೇ ಕೆಲಸ ಮಾಡುತ್ತದೆ. ರಾತ್ರಿ ಎಲ್ಲರೂ ಒಳಗೆ ತನ್ನಿ. ಧಾರವಾಡದಲ್ಲಿ ಚಳಿಗಾಲದ ಇಬ್ಬನಿ ಒಂದೇ ರಾತ್ರಿಯಲ್ಲಿ ಹಗಲು ಆರಿದ ನೀರನ್ನೆಲ್ಲ ವಾಪಸ್ ತರುತ್ತದೆ.

ಡಿಹೈಡ್ರೇಟರ್ (ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರ) ಇರುವವರು 45 ಡಿಗ್ರಿಗಿಂತ ಮೇಲೆ ಹೋಗಬೇಡಿ. ಹಸಿ ಪಿಷ್ಟ 70 ಡಿಗ್ರಿ ಹತ್ತಿರ ಬಂದರೆ ಬೆಂದು ಅಂಟಾಗುತ್ತದೆ. ಬಿಸಿನೀರಲ್ಲಿ ತೊಳೆಯಿರಿ ಎಂದವರಿಗೂ ಇದೇ ಉತ್ತರ. ಅದು ತೊಳೆಯುವುದಲ್ಲ, ಗಂಜಿ ಕಾಯಿಸುವುದು. ಮೈಕ್ರೋವೇವ್ ಅಂತ ಯಾರೂ ಕೇಳಲೇಬೇಡಿ.

ಒಣಗಿದೆಯೋ ಇಲ್ಲವೋ ನೋಡುವುದು ಸುಲಭ. ಒಂದು ತಟ್ಟೆ ಹಿಟ್ಟನ್ನು ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಇನ್ನೊಂದು ದಿನ ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತಿದ್ದರೆ ಆಯಿತು. ಆಗಲೂ ಹಿಟ್ಟಿನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರು ಇದ್ದೇ ಇರುತ್ತದೆ, ಅಷ್ಟಿದ್ದರೆ ತೊಂದರೆ ಇಲ್ಲ. ತಕ್ಕಡಿ ಇಲ್ಲದವರು ಗಾಜಿನ ಬಾಟಲಿಗೆ ಅರ್ಧ ತುಂಬಿ, ಮುಚ್ಚಳ ಬಿಗಿದು ಬಿಸಿಲಲ್ಲಿ ಒಂದು ತಾಸು ಇಡಿ. ಒಳಗಿನ ಗಾಜಿಗೆ ಮಬ್ಬು ಕಟ್ಟಿದರೆ ಮತ್ತೆ ಹರಡಿ. ಎರಡು ಬೆರಳ ನಡುವೆ ಒತ್ತಿದರೆ ಕಿರ್ ಅನ್ನಬೇಕು.

ಈಗ ನಿಮ್ಮ ಡಬ್ಬಿಯಲ್ಲಿರುವುದನ್ನು ಮತ್ತೆ ಬಿಸಿಲಿಗೆ ಹಾಕಿ ಉಳಿಸೋಣ ಅಂತ ನೋಡಬೇಡಿ. ಬೂಜು ಬಂದದ್ದು ಒಣಗಿದರೆ ವಾಸನೆ ಹೋಗುತ್ತದೆ, ವಿಷ ಹೋಗುವುದಿಲ್ಲ. ಮನೆಯಲ್ಲಿ ಮಗುವಿನ ಗಂಜಿಗೆ ಅಂತ ಬರೆದಿದ್ದೀರಿ. ಸುಮ್ನೆ ಚೆಲ್ಲಿ.

ಅಯೋಡಿನ್ ಹಾಕಿ ಅಂದವರಿಗೆ ಒಂದು ಮಾತು. ಅಯೋಡಿನ್‌ಗೆ ಕೂವೆಯೂ ನೀಲಿ, ಮೆಕ್ಕೆಜೋಳದ ಪಿಷ್ಟವೂ ನೀಲಿ, ಆಲೂಗಡ್ಡೆಯದೂ ನೀಲಿ. ಅದರಿಂದ ಏನು ತಿಳಿಯಿತು? ಅಂಗಡಿಯ ಅರಾರೂಟು ಪೊಟ್ಟಣ ಅಸಲಿಯೋ ಅಂತ ನೋಡಬೇಕಿದ್ದರೆ ಒಂದು ಚಮಚವನ್ನು ತಣ್ಣೀರಲ್ಲಿ ಕದಡಿ ಕಾಯಿಸಿ. ಕೂವೆ ಆದರೆ ಗಂಜಿ ತಿಳಿಯಾಗಿ ಹೊಳೆಯುತ್ತದೆ, ಲೋಟದ ಆಚೆ ಬೆರಳು ಕಾಣುತ್ತದೆ. ಮೆಕ್ಕೆಜೋಳದ್ದು ಬಿಳಿಚಾಗಿ ಮಬ್ಬು. ಆಲೂಗಡ್ಡೆ ಸೇರಿಸಿದ್ದರೆ ಇದೂ ಕೈಕೊಡಬಹುದು, ಅದರ ಗಂಜಿಯೂ ತಿಳಿಯೇ.

ತೊಳೆಯುವ ಬಗ್ಗೆ ಬೇರೆಯವರು ಬರೆದಿದ್ದಾರೆ, ಅವರು ಬಿಟ್ಟ ನಾಲ್ಕು ಮಾತು ಸೇರಿಸುತ್ತೇನೆ. ಗಡ್ಡೆ ಮೇಲಿನ ತೆಳು ಸಿಪ್ಪೆ, ಆ ಪೊರೆ ಪೊರೆ ಇರುತ್ತದಲ್ಲ, ಗಿಣ್ಣಿನ ಸಂದಿಯಲ್ಲೂ ಬಿಡದೆ ತೆಗೆಯಿರಿ. ಹಿಟ್ಟಿಗೆ ಕಹಿ, ಕಂದು ಬಣ್ಣ ಬರುವುದು ಅದರಿಂದ. ಅರಿಶಿನದ ಜಾತಿಯ ಕಾಡು ಕೂವೆ ಇಟ್ಟುಕೊಂಡವರಿಗೆ ಕಹಿ ಹೇಗೂ ಜಾಸ್ತಿ, ಅದಕ್ಕೆ ಏಳೆಂಟು ನೀರು ಬೇಕು. ಹಿತ್ತಲ ಬಿಳಿ ಕೂವೆಗೆ ಮೂರು ನಾಲ್ಕು ಸಾಕು. ಪ್ರತಿ ಸಲ ನೀರು ಬಸಿದ ಮೇಲೆ ಬಿಳಿ ಹಿಟ್ಟಿನ ನೆತ್ತಿಯಲ್ಲಿ ಒಂದು ಬೂದು ಕೆನೆ ಕೂತಿರುತ್ತದೆ. ಅದನ್ನು ಚಮಚದಿಂದ ಕೆರೆದು ತೆಗೆಯಿರಿ. ಎರಡು ಚಮಚ ಹಿಟ್ಟು ಜೊತೆಗೆ ಹೋಗುತ್ತೆ ಅಂತ ಜಿಪುಣತನ ಮಾಡಿದರೆ ಆ ಕೆನೆಯೇ ಮೊದಲು ಹುಳಿ ಬರುವುದು.

ಹಿಟ್ಟು ತಳಕ್ಕೆ ಕೂರಲಿ ಅಂತ ರಾತ್ರಿಯಿಡೀ ನೀರಲ್ಲಿ ಬಿಡುವುದು ಜನವರಿಯಲ್ಲಿ ನಡೆಯುತ್ತದೆ, ಮಾರ್ಚಿನಲ್ಲಿ ನಡೆಯುವುದಿಲ್ಲ. ಸೆಕೆ ಶುರುವಾದ ಮೇಲೆ ಮಾಡುವವರು ನೀರಿಗೆ ಐಸ್ ಹಾಕಿ. ಮಿಕ್ಸಿ ಜಾರಿಗೂ ನಾಲ್ಕು ತುಂಡು ಹಾಕಿ, ಏಕೆಂದರೆ ನಾರಿಗೆ ಬ್ಲೇಡ್ ಕಾದು ಹಿಟ್ಟೂ ಬೆಚ್ಚಗಾಗುತ್ತದೆ. ಮಿಕ್ಸಿ ಅಂದರೆ ನನಗೆ 900 ವ್ಯಾಟಿನ ಸುಜಾತಾ. ಸದ್ದು ಜಾಸ್ತಿ, ಆದರೆ ನಾರಿಗೆ ಅಂಜುವುದಿಲ್ಲ. 500 ವ್ಯಾಟಿನ ಯಾವ ಕಂಪನಿಯದಾದರೂ ತುಂಡು ಸಣ್ಣ ಮಾಡಿ, ನಡುನಡುವೆ ನಿಲ್ಲಿಸಿ.

ಸೋಸಲು 100 ಮೆಶ್ (ಇಂಚಿಗೆ ನೂರು ಕಣ್ಣಿನ) ಸ್ಟೀಲ್ ಜರಡಿ ಸಿಕ್ಕರೆ ಒಳ್ಳೆಯದು. ಅದರ ಕಣ್ಣು ಸುಮಾರು 150 ಮೈಕ್ರಾನ್. ಕೂವೆಯ ಹೆಚ್ಚಿನ ಕಣಗಳು 50ಕ್ಕಿಂತ ಸಣ್ಣವು, ಹಿಟ್ಟು ಆರಾಮಾಗಿ ಇಳಿಯುತ್ತದೆ, ನಾರು ಮೇಲೆ ನಿಲ್ಲುತ್ತದೆ. ಆಮೇಲೆ ಒಂದು ಸಲ ಮಲ್ ಬಟ್ಟೆ. ನಾರನ್ನು ಹಿಂಡುವಾಗ ಜೀವ ಬಿಟ್ಟು ಹಿಂಡಬೇಡಿ, ಸಣ್ಣ ನಾರೂ ಕೆಳಗೆ ಬರುತ್ತದೆ. ಬದಲಿಗೆ ಇನ್ನೊಂದು ಸಲ ನೀರು ಹಾಕಿ ಅರೆಯಿರಿ. 10 ಕೆಜಿ ಗಡ್ಡೆಗೆ ಒಂದು ಕೆಜಿ ಒಣ ಹಿಟ್ಟು ಸಿಕ್ಕರೆ ಮನೆ ಮಟ್ಟಿಗೆ ಸರಿಯೇ. ಎರಡು ಕೆಜಿ ತೆಗೆದೆ ಅನ್ನುವವರ ಹಿಟ್ಟು ಇನ್ನೂ ಹಸಿ ಇರಬೇಕು, ತೂಗಿ ನೋಡಲಿ.

ನೀರು ಯಾವುದು ಅಂತ ಯಾರೂ ಕೇಳಲಿಲ್ಲ. ನಳದ ಮಲಪ್ರಭಾ ನೀರು ಚೆನ್ನಾಗಿ ಆಗುತ್ತದೆ, ಹಾಗಾಗಿ ನಳ ಬರುವ ದಿನ ನೋಡಿಕೊಂಡೇ ಗಡ್ಡೆ ಅಗೆಯಿರಿ. ಅಗೆದು ವಾರಗಟ್ಟಲೆ ಇಟ್ಟರೆ ಹಿಟ್ಟು ಕಮ್ಮಿ. ಬೋರ್ ನೀರಲ್ಲಿ ಕಬ್ಬಿಣ ಇದ್ದರೆ ಹಿಟ್ಟಿಗೆ ಕಂದು ಛಾಯೆ ಹತ್ತುತ್ತದೆ. ಮುಂಡರಗಿ ಕಡೆಯವರು ಫ್ಲೋರೈಡ್ ಇರುವ ಬೋರ್ ನೀರನ್ನು ಇದಕ್ಕೆ ಮುಟ್ಟಬೇಡಿ, ಕುಡಿಯುವ ನೀರನ್ನೇ ಬಳಸಿ. ಕಬ್ಬಿಣದ ಬುಟ್ಟಿ, ತುಕ್ಕು ಹಿಡಿದ ತುರಿಮಣೆ ಬೇಡ. ತೊಳೆದ ನೀರನ್ನು ಗಿಡಕ್ಕೆ ಹಾಕಬಹುದು, ಆದರೆ ಕುಂಡಕ್ಕೆ ದಿನಾ ಹಾಕಿದರೆ ಇರುವೆ ಬರುತ್ತದೆ. ನಾರು ಎಮ್ಮೆಗೆ, ಇಲ್ಲವೇ ಗೊಬ್ಬರದ ಗುಂಡಿಗೆ.

ನವಲಗುಂದದವರೊಬ್ಬರು ಎರೆ ಭೂಮಿಯಲ್ಲಿ ಹಾಕಬಹುದಾ ಅಂತ ನಡುವೆ ಕೇಳಿದ್ದಾರೆ. ನೆಲಕ್ಕೆ ಬೇಡ. ಮಳೆಗೆ ನೀರು ನಿಂತು ಗಡ್ಡೆ ಕೊಳೆಯುತ್ತದೆ, ಅಗೆಯುವಾಗ ಅರ್ಧ ಮುರಿದು ಮಣ್ಣಲ್ಲೇ ಉಳಿಯುತ್ತದೆ, ಸಂದಿಯ ಕರಿ ಮಣ್ಣು ತೊಳೆಯುವುದೇ ಒಂದು ದಿನದ ಕೆಲಸ. ಮಸಾರಿ (ಕೆಂಪು) ಮಣ್ಣಿಗೆ ಗೊಬ್ಬರ ಸೇರಿಸಿ ದೊಡ್ಡ ಚೀಲದಲ್ಲಿ ಬೆಳೆಯಿರಿ. ತೆಂಗಿನ ನೆರಳಲ್ಲಿ ಇಟ್ಟರೂ ಬೇಸರ ಇಲ್ಲ ಅದಕ್ಕೆ. ಹತ್ತು ಹನ್ನೊಂದು ತಿಂಗಳಿಗೆ ಎಲೆ ಹಳದಿಯಾಗಿ ಗಿಡ ಬೀಳುತ್ತದೆ, ಆಗಲೇ ಅಗೆಯಬೇಕು. ಇನ್ನೂ ಬಿಟ್ಟರೆ ನಾರು ಜಾಸ್ತಿ. ಅರೆಯುವ ಮೊದಲು ಕಣ್ಣಿರುವ ತುದಿಗಳನ್ನು ಕತ್ತರಿಸಿ, ಒಣ ಮರಳಲ್ಲಿ ನೆರಳಿಗಿಡಿ. ಮುಂಗಾರು ಬಿದ್ದ ಮೇಲೆ ಅವೇ ಬೀಜ. ನನ್ನ ಹತ್ತಿರ ಸ್ವಲ್ಪ ಜಾಸ್ತಿನೇ ಉಳಿದಿವೆ. ಧಾರವಾಡಕ್ಕೆ ಬಂದು ಒಯ್ಯುವವರು ಮೇ ಕೊನೆಗೆ ಇಲ್ಲೇ ಹೇಳಿ, ಚೀಲ ನೀವೇ ತನ್ನಿ.