ಚರ್ಚಿನಲ್ಲಿ ಕತ್ತಿ ಹಿಡಿದು ನಿಂತವರು ಯಾರು?

ಪ್ರಶ್ನೆ: ಮೊಮ್ಮಗಳ ಮೊದಲ ಪರಮಪ್ರಸಾದಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಚರ್ಚಿನ ಬಾಗಿಲಲ್ಲಿ ನೀಲಿ ಕೋಟು, ಬೆರೆ ಟೋಪಿ ಹಾಕಿದ ಹಿರಿಯರು ಕತ್ತಿ ಹಿಡಿದು ಸಾಲಾಗಿ ನಿಂತಿದ್ದರು. 'ನೈಟ್ಸ್ ಆಫ್ ಕೊಲಂಬಸ್' ಅಂತೆ. ಈಗ ಅಳಿಯನನ್ನೂ ಸೇರಿಕೋ ಅನ್ನುತ್ತಿದ್ದಾರೆ. ಇದು ಸೈನ್ಯವಾ, ಗುಪ್ತ ಸಂಘವಾ? ದುಡ್ಡು ಕೇಳ್ತಾರಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಗಾಬರಿ ಬೇಡ ಅಮ್ಮಾ, ಆ ಕತ್ತಿ ಮೆರವಣಿಗೆಗೆ ಮಾತ್ರ. ಮನೆಯ ಯಜಮಾನ ಸತ್ತರೆ ಹೆಂಡತಿ ಮಕ್ಕಳ ಗತಿಯೇನು ಅನ್ನುವ ಚಿಂತೆಯಲ್ಲಿ ಹುಟ್ಟಿದ ಸಂಘ ಅದು.

1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್ ಊರಲ್ಲಿ, ಸೇಂಟ್ ಮೇರೀಸ್ ಚರ್ಚಿನ ನೆಲಮಾಳಿಗೆಯಲ್ಲಿ ಫಾದರ್ ಮೈಕಲ್ ಮೆಕ್‌ಗಿವ್ನಿ ಇದನ್ನು ಕಟ್ಟಿದರು. ಐರಿಷ್ ವಲಸಿಗರ ಮಗ. ಪಾದ್ರಿಯಾಗಲು ಸೆಮಿನರಿಯಲ್ಲಿ ಓದುವಾಗಲೇ ಅಪ್ಪ ತೀರಿಹೋಗಿದ್ದರು, ಅವರ ಹಿಂದೆ ದೊಡ್ಡ ಸಂಸಾರ. ಹಾಗಾಗಿ ಆ ಕಷ್ಟ ಅವರಿಗೆ ಗೊತ್ತಿತ್ತು. ಮೊದಲ ಲೆಕ್ಕ ಸರಳ: ಸದಸ್ಯನೊಬ್ಬ ಸತ್ತರೆ ಉಳಿದವರು ತಲಾ 1 ಡಾಲರ್ ಹಾಕಬೇಕು, ವಿಧವೆಗೆ 1,000 ಡಾಲರ್ ಸಿಗಬೇಕು. ಫಾದರ್ ಮಾತ್ರ 1890ರಲ್ಲಿ, 38ನೇ ವಯಸ್ಸಿಗೇ ನ್ಯುಮೋನಿಯಾದಿಂದ ಹೋದರು. 2020ರಲ್ಲಿ ಚರ್ಚ್ ಅವರನ್ನು ಧನ್ಯರೆಂದು ಘೋಷಿಸಿತು, ಅಂದರೆ ಸಂತ ಪದವಿಗೆ ಮುಂಚಿನ ಹೆಜ್ಜೆ.

ಗುಟ್ಟು ಒಂದಿಷ್ಟು ಇತ್ತು ನಿಜ. ಸದಸ್ಯತ್ವಕ್ಕೆ ನಾಲ್ಕು ಹಂತ, ಅವುಗಳ ದೀಕ್ಷೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. 2020ರಿಂದ ಮೊದಲ ಮೂರು ಹಂತಗಳ ದೀಕ್ಷೆಯನ್ನು ಮನೆಯವರೂ ಕೂತು ನೋಡಬಹುದು. ಸಮವಸ್ತ್ರ ನಾಲ್ಕನೇ ಹಂತದವರಿಗೆ ಮಾತ್ರ. 2017ರವರೆಗೆ ಗರಿಯ ಟೋಪಿ, ಮೇಲೊಂದು ಕೇಪ್ ಇತ್ತು. ಬೆರೆ ಬಂದಾಗ ಹಳಬರು ಜಾಸ್ತಿಯೇ ಗೊಣಗಿದರು. ನನಗೂ ಆ ಗರಿಯೇ ಚೆಂದ ಅನಿಸುತ್ತದೆ, ಬಿಡಿ.

ಕತ್ತಿ ಹಿಡಿಯುವುದು ವರ್ಷಕ್ಕೆ ನಾಲ್ಕಾರು ಸಲ. ಉಳಿದಂತೆ ಕೈಯಲ್ಲಿ ಜಾಲರಿ ಸೌಟು! ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಬಿಡುವ ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಏಪ್ರನ್ ಕಟ್ಟಿ ಮೀನು ಕರಿಯುವವರು ಎಷ್ಟೋ ಕಡೆ ಇವರೇ. ಬಂದ ದುಡ್ಡು ದಾನಕ್ಕೆ. ಬಡ ಮಕ್ಕಳಿಗೆ ಚಳಿಗಾಲದ ಕೋಟು ಕೊಡಿಸುತ್ತಾರೆ. ಬುದ್ಧಿಮಾಂದ್ಯರ ನೆರವಿಗಾಗಿ ಅಂಗಡಿ ಮುಂದೆ ನಿಂತು, ಒಂದು ಚಾಕಲೇಟ್ ಕೊಟ್ಟು ಚಂದಾ ಎತ್ತುತ್ತಾರೆ. ನಮ್ಮ ಕಡೆ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಸದ್ದಿಲ್ಲದೆ ಮಾಡುವ ಕೆಲಸವೂ ಇಂಥದ್ದೇ ಅಲ್ವಾ?

ಅಳಿಯನಿಗೆ 18 ತುಂಬಿದ್ದು, ಚರ್ಚಿನ ನಡೆಗೆ ನಿಷ್ಠನಾದ ಕಥೋಲಿಕನಾಗಿದ್ದರೆ ಸೇರಬಹುದು. ಮಗಳಿಗೆ ಸದಸ್ಯತ್ವ ಇಲ್ಲ, ಗಂಡಸರದ್ದೇ ಸಂಘ. ಚಂದಾ ಇರುತ್ತದೆ. ಹಳೆಯ ಆ ಡಾಲರ್ ಲೆಕ್ಕ ಇವತ್ತು ದೊಡ್ಡ ವಿಮಾ ವ್ಯವಹಾರವಾಗಿದೆ, ಹಾಗಾಗಿ ಏಜೆಂಟ್ ಫೋನ್ ಮಾಡಿದರೆ ಆಶ್ಚರ್ಯಪಡಬೇಡಿ. ಪಾಲಿಸಿ ತೆಗೆದುಕೊಳ್ಳಲೇಬೇಕೆಂದಿಲ್ಲ. ಬೇಕಿದ್ದರೆ ಬೇರೆ ಕಂಪನಿಯ ದರ ನೋಡಿ ತೀರ್ಮಾನಿಸಲಿ.