ಬೆಳಗ್ಗೆ ಕಾಣುವ ದದ್ದುಗಳು: ತಿಗಣೆಯೋ, ಚಿಗಟವೋ?

ತೋಳಿನ ಮೇಲೆ ಸಾಲಾಗಿ ದದ್ದುಗಳೆದ್ದಿವೆ, ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆಗಳಿವೆ ಎಂದು ನೀವು ಬರೆದಿರುವುದನ್ನು ನೋಡಿದರೆ ಇದು ಬಹುತೇಕ ತಿಗಣೆಯ ಕಾಟ. ಚಿಗಟಗಳು ಹೆಚ್ಚಾಗಿ ಪಾದ ಮತ್ತು ಕಣಕಾಲುಗಳನ್ನು ಕಡಿಯುತ್ತವೆ. ಆದರೂ ದದ್ದನ್ನಷ್ಟೇ ನೋಡಿ ಖಚಿತವಾಗಿ ಹೇಳಲಾಗದು. ರಾತ್ರಿ ಟಾರ್ಚ್ ಹಿಡಿದು ಹಾಸಿಗೆಯ ಅಂಚನ್ನೂ ಮಂಚದ ಸಂದುಗಳನ್ನೂ ಪರೀಕ್ಷಿಸಿ: ಚಪ್ಪಟೆಯಾದ ಕಂದು ಹುಳು ಹರಿದಾಡಿದರೆ ತಿಗಣೆ, ಜಿಗಿದರೆ ಚಿಗಟ.

ತಿಗಣೆಯೆಂದು ಖಾತ್ರಿಯಾದರೆ ಹೊದಿಕೆಗಳನ್ನು ಕೊಡವದೆ ಚೀಲದಲ್ಲಿ ಕಟ್ಟಿ ಒಯ್ದು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಬಳಿಕ ಸಂದುಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ, ಅದರ ಕಸವನ್ನು ಕೂಡಲೇ ಬಿಗಿಯಾಗಿ ಕಟ್ಟಿ ಹೊರಗೆಸೆಯಿರಿ. ಅಂಟಿಕೊಂಡುಳಿದ ಮೊಟ್ಟೆಗಳು ಒಂದೆರಡು ವಾರಗಳಲ್ಲಿ ಮರಿಯಾಗುವುದರಿಂದ ಇದನ್ನು ವಾರಕ್ಕೊಮ್ಮೆ ಮಾಡುತ್ತಲೇ ಇರಬೇಕು. ಕಾಟ ತಾಳಲಾರದೆ ಬೇರೆ ಕೋಣೆಗೆ ಹೋಗಿ ಮಲಗಬೇಡಿ, ಅವು ಅಲ್ಲಿಗೂ ಹರಡುತ್ತವೆ. ಹಾಸಿಗೆಗೆ ಬಳಸಬಹುದೆಂದು ಡಬ್ಬಿಯ ಮೇಲೆ ನಮೂದಿಸಿರದ ಕೀಟನಾಶಕವನ್ನು ಮಲಗುವ ಜಾಗಕ್ಕೆ ದಯವಿಟ್ಟು ಸಿಂಪಡಿಸಬೇಡಿ.